ಮೇಷ್ಟ್ರು ಮೇಸ್ತ್ರಿಯಾದ ಮೂರು ದಿನ

ಒಂದೇ ದಿನದ ರಜೆ ಬಂದರೆ ಅದು ಗೃಹಸ್ಥನದು. ಎಣ್ಣೆನೀರೆರೆದುಕೊಂಡು, ಊಟ ಮಾಡಿ, ವಾರಪತ್ರಿಕೆಯನ್ನು ಮುಖದ ಮೇಲೆ ಮುಚ್ಚಿಕೊಂಡು ಮಲಗಿದರೆ ಯಾರೂ ಆಕ್ಷೇಪಿಸುವುದಿಲ್ಲ. ಮೂರು ದಿನದ ರಜೆ ಒಟ್ಟಿಗೆ ಬಂದಿತೆನ್ನಿ, ಅದು ಮನೆಯದು. 2024ರಲ್ಲಿ ಮಹಾನವಮಿ ಅಕ್ಟೋಬರ್ 11ರ ಶುಕ್ರವಾರ ಬಂದಿತು. ಮರುದಿನ ವಿಜಯದಶಮಿ, ಅದರ ಮರುದಿನ ಭಾನುವಾರ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿಗಳು ಹೀಗೆ ಒಂದರ ಹಿಂದೊಂದು ಬಂದಿರುವುದನ್ನು ನಾನು ಜೂನ್ ತಿಂಗಳಿನಲ್ಲಿಯೇ ಕಂಡು ಒಳಗೊಳಗೇ ಹಿಗ್ಗಿದ್ದೆ. ನನ್ನಾಕೆಯೂ ಕಂಡಿದ್ದಳೆಂಬುದು ಗುರುವಾರ ರಾತ್ರಿ ಊಟಕ್ಕೆ ಕುಳಿತಾಗ ತಿಳಿಯಿತು.

"ಏನೂಂದ್ರೆ, ಮೂರು ದಿನ ಮನೇಲೇ ಇರ್ತೀರಲ್ಲ" ಎಂದು ಪೀಠಿಕೆ ಹಾಕಿ, ಹಾಲಿನ ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದನ್ನು ತಟ್ಟೆಯ ಪಕ್ಕದಲ್ಲಿಟ್ಟಳು. ಅಡುಗೆಮನೆಯ ನಲ್ಲಿ ಸೋರುತ್ತದೆ. ಬಚ್ಚಲುಮನೆಯ ಬಾಗಿಲು ಮುಚ್ಚುವುದಿಲ್ಲ. ಮಗಳ ಪುಸ್ತಕಗಳಿಗೆ ಒಂದು ಹಲಗೆ ಬೇಕು. ಹಜಾರದ ಫ್ಯಾನು ಗೊಣಗುತ್ತದೆ. ಒಟ್ಟು ನಾಲ್ಕು ಬಾಬುಗಳು. ಐದನೆಯದನ್ನು ಅವಳು ಬರೆದಿರಲಿಲ್ಲ; ಬರೆಯುವ ಅಗತ್ಯವೂ ಇರಲಿಲ್ಲ. ಅದು ಎರಡು ತಿಂಗಳಿಂದ ಬೀರುವಿನ ಮೇಲೆ ಕಂದು ಕಾಗದ ಸುತ್ತಿಕೊಂಡು ಮಲಗಿದ್ದಿತು.

ಶ್ರಾವಣದಲ್ಲಿ ನಮ್ಮ ತಾಯಿಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದರು. ಅವರಿಗೆ 71 ವರ್ಷ. ದೇವರ ದಯೆಯಿಂದ ಮೂಳೆ ಮುರಿಯಲಿಲ್ಲ. ಮಣಿಕಟ್ಟು ಊದಿಕೊಂಡು ಮೂರು ವಾರ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಹಿಡಿಕೆಯನ್ನು ಹಾಕಿಸಿರೆಂದು ವೈದ್ಯರು ಹೇಳಿದರು. ಅದೇ ದಿನ ಸಂಜೆ ಒಂದೂವರೆ ಅಡಿ ಉದ್ದದ ಸ್ಟೀಲಿನ ಹಿಡಿಕೆಯನ್ನು ಕೊಂಡು ತಂದೆ. ತಂದುದರಿಂದಲೇ ಕರ್ತವ್ಯದ ಮುಕ್ಕಾಲುಪಾಲು ಮುಗಿಯಿತೆಂಬ ಸಮಾಧಾನ ನನಗೆ ಬಂದುಬಿಟ್ಟಿತು. ಅಮ್ಮ ಮಾತ್ರ ಮಣೆಯಿಂದ ಏಳುವಾಗಲೆಲ್ಲ ಟವೆಲು ಹಾಕುವ ಸರಳನ್ನು ಹಿಡಿದು ಏಳುತ್ತಿದ್ದರು. ಒಂದು ಒದ್ದೆ ಪಂಚೆಯನ್ನು ಹೊರುವುದಕ್ಕಾಗಿ ಎರಡು ಗಿಡ್ಡ ಸ್ಕ್ರೂಗಳ ಮೇಲೆ ನಿಂತಿರುವ ಸರಳು ಅದು. ಒಂದು ದಿನ ಅವರು ಅದನ್ನು ಹಿಡಿದು ಏಳುವುದನ್ನು ಬಾಗಿಲ ಸಂದಿನಿಂದ ನನ್ನಾಕೆ ಕಂಡು ಬಂದು ಹೇಳಿದಳು. ಹೇಳುವಾಗ ನನ್ನ ಮುಖವನ್ನು ನೋಡಲಿಲ್ಲ.

ಕೆಲಸದವರನ್ನು ಕರೆಯಬಾರದಿತ್ತೆ ಎಂದು ವಾಚಕರು ಕೇಳಬಹುದು. ಕರೆದಿದ್ದೆ. ಇಬ್ಬರು "ನಾಳೆ ಬರ್ತೀನಿ ಸಾರ್" ಎಂದರು. ಆ ನಾಳೆ ಇನ್ನೂ ಬಂದಿಲ್ಲ. ನಾನು ಅವರನ್ನು ದೂರಲಾರೆ. ಗೋಡೆಗೆ ಆರು ತೂತು ಕೊರೆಯುವ ಕೆಲಸಕ್ಕಾಗಿ ದಿನಗೂಲಿಯನ್ನು ಬಿಟ್ಟು, ಬೆಂಗಳೂರಿನ ಈ ವಾಹನಸಂದಣಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಲು ಯಾರಿಗೆ ಕಟ್ಟೀತು? ಹಬ್ಬಕ್ಕಂತೂ ಅವರೆಲ್ಲ ಊರಿಗೆ ಹೊರಟುಹೋಗುತ್ತಾರೆ. ಆದಕಾರಣ ಈ ಸಲ ನಾನೇ ಮೇಸ್ತ್ರಿಯಾಗಬೇಕೆಂದು ನಿಶ್ಚಯಿಸಿದೆ. ಪ್ರತಿವರ್ಷ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ವಚನಕಾರರನ್ನು ಪಾಠ ಮಾಡುತ್ತ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರ ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ಕಾಯಕದ ಹಿರಿಮೆಯನ್ನು ಒಂದು ಗಂಟೆ ಕಾಲ ವರ್ಣಿಸುವವನು ನಾನು. ಬೈರಿಗೆ, ಬಾಚಿ, ಉಳಿ, ತೋಪಡ ಎಂಬ ಮಾತುಗಳಿಗೆ ಅರ್ಥವನ್ನು ತಟ್ಟನೆ ಹೇಳಬಲ್ಲೆ. ಅವುಗಳನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದೊಂದೇ ತಿಳಿಯದು.

ಶುಕ್ರವಾರ ಬೆಳಿಗ್ಗೆ ಪಂಚೆಯನ್ನು ಎತ್ತಿಕಟ್ಟಿ ಆಯುಧಗಳ ಪೆಟ್ಟಿಗೆಗಾಗಿ ಅಟ್ಟಕ್ಕೆ ಕೈಹಾಕಿದರೆ ಪೆಟ್ಟಿಗೆ ಇಲ್ಲ. ದೇವರಮನೆಯಲ್ಲಿ ಇಣುಕಿ ನೋಡಿದೆ. ನಮ್ಮ ತಂದೆಯವರ ಕಾಲದ ಆ ತಗಡಿನ ಪೆಟ್ಟಿಗೆಯನ್ನು ಅಮ್ಮ ಬೂದಿ ಹಾಕಿ ತಿಕ್ಕಿ, ಸುತ್ತಿಗೆ, ಇಕ್ಕಳ, ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೆಲ್ಲ ಮಣೆಯ ಮೇಲೆ ಸಾಲಾಗಿ ಜೋಡಿಸಿ, ಅರಿಸಿನ ಕುಂಕುಮವಿಟ್ಟು, ಗೆಜ್ಜೆವಸ್ತ್ರ ಏರಿಸಿದ್ದರು. ಪಕ್ಕದಲ್ಲಿ ನನ್ನ ಪೆನ್ನು, ಮಗಳ ಲೆಕ್ಕದ ಪುಸ್ತಕ.

"ಇವತ್ತು ಆಯುಧ ಮುಟ್ಟಬಾರದು ಕಣೋ. ನಾಳೆ ಪೂಜೆ ಆಗಲಿ, ಆಮೇಲೆ ತೊಗೋ."

ಮೂರು ದಿನಗಳಲ್ಲಿ ಒಂದು ದಿನ ಹೀಗೆ ಕಳೆಯಿತು. ಮಗಳು ತನ್ನ ಲೆಕ್ಕದ ಪುಸ್ತಕವೂ ಸೆರೆಯಾಗಿರುವುದನ್ನು ಕಂಡು ಶಾಸ್ತ್ರದಲ್ಲಿ ಅಪಾರ ಶ್ರದ್ಧೆಯನ್ನು ತೋರಿಸಿದಳು. ನಾನೂ ಪುರಿ ಕಡಲೆ ತಿನ್ನುತ್ತ ಕುಳಿತಿರಬಹುದಾಗಿತ್ತು. ಆದರೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವ ಶಬ್ದ ಬಿಡಲಿಲ್ಲ. ಅಳೆಯುವುದಕ್ಕೆ ಆಯುಧವೇನೂ ಬೇಕಾಗಿಲ್ಲವಷ್ಟೆ! ಒಂದು ಲೀಟರು ಹಿಡಿಯುವ ತಂಬಿಗೆಯನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದೆ. ಎರಡು ಗಂಟೆಗೆ ತುಂಬಿತು. ದಿನಕ್ಕೆ 12 ಲೀಟರು, ತಿಂಗಳಿಗೆ 360. ಈ ನೀರು ಬರುವುದಾದರೂ ಎಲ್ಲಿಂದ? ಕಾವೇರಿಯ ನೀರು 1974ರಲ್ಲಿ ಮೊದಲ ಸಲ ಈ ಊರಿಗೆ ಬಂದಿತು. ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪು ಮಾಡಿ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರುತ್ತಾರೆ. ಅಷ್ಟು ಎತ್ತರ ಹತ್ತಿ ಬಂದ ನೀರು ಎರಡು ರೂಪಾಯಿಯಷ್ಟು ಅಗಲದ ಒಂದು ರಬ್ಬರಿನ ಚೂರು ಸವೆದುದಕ್ಕಾಗಿ ನಮ್ಮ ಮೋರಿಗೆ ಹರಿದುಹೋಗುತ್ತಿದ್ದಿತು. ಮನಸ್ಸಿಗೆ ಸಂಕೋಚವಾಯಿತು. ತುಂಬಿದ ತಂಬಿಗೆಗಳನ್ನು ತುಳಸಿಗೂ ಸಂಪಿಗೆಗೂ ಹಾಕಿದೆ.

ಶನಿವಾರ ಪೂಜೆ ಮುಗಿದೊಡನೆ ಸ್ಪ್ಯಾನರಿನ ಮೇಲಿನ ಕುಂಕುಮವನ್ನು ಒರೆಸದೆಯೇ ನಲ್ಲಿಗೆ ಹಾಕಿದೆ. ಮೊದಲು ಮೇಲಿನ ತೊಟ್ಟಿಯ ಗೇಟ್‌ವಾಲ್ವನ್ನು ಮುಚ್ಚಬೇಕು. ಹದಿನೈದು ವರ್ಷ ಯಾರೂ ತಿರುಗಿಸದಿದ್ದ ಅದು ತುಕ್ಕು ಹಿಡಿದು ಧ್ಯಾನಕ್ಕೆ ಕುಳಿತಿದ್ದಿತು. ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಬಟ್ಟೆ ಸುತ್ತಿ ತಿರುಗಿಸಿದ ಮೇಲೆ ಮಣಿಯಿತು. ಆಮೇಲೆ ನಲ್ಲಿಯನ್ನು ಪೂರ್ತಿ ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹೋಗಬಿಟ್ಟು, ತಲೆಯನ್ನು ಬಿಚ್ಚಿ ತಿರುಗುಕಡ್ಡಿಯನ್ನು ಮೇಲೆತ್ತಿದೆ. ಅದರ ತುದಿಯಲ್ಲಿ ವಾಷರು. ನಡುವೆ ಬಳೆಯಂತೆ ಸವೆದ ಗುರುತು. ಹೊಸ ನಮೂನೆಯ ನಲ್ಲಿಗಳಿಗೆ ವಾಷರು ಇರುವುದಿಲ್ಲ; ಅವುಗಳಲ್ಲಿ ಪಿಂಗಾಣಿಯ ಬಿಲ್ಲೆಗಳಿರುವ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು. ನಮ್ಮದು ಹಳೆಯ ಹಿತ್ತಾಳೆಯ ನಲ್ಲಿ. ಹಳೆಯ ವಾಷರನ್ನು ಮಾದರಿಗೆ ಹಿಡಿದು ಅಂಗಡಿಗೆ ಹೋಗದೆ, ಅಂದಾಜಿನ ಮೇಲೆ ಹೋಗಿ ಒಂದು ಸಲ ತಪ್ಪು ಅಳತೆಯದನ್ನು ತಂದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎರಡನೆಯ ಸಲ ಸರಿಹೋಯಿತು. ತಂಬಿಗೆಯನ್ನು ಕೆಳಗಿಟ್ಟು ಮನೆಮಂದಿಯೆಲ್ಲ ನಿಂತು ನೋಡಿದೆವು. ಒಂದು ಹನಿಯೂ ಬೀಳಲಿಲ್ಲ. ಪಿಎಚ್.ಡಿ. ಪದವಿ ಬಂದ ದಿನವೂ ನನಗೆ ಅಂಥ ಸಂತೋಷವಾಗಲಾರದೆಂದು ತೋರಿತು.

ಈ ಗೆಲುವಿನಿಂದ ಉಬ್ಬಿ ಬಾಗಿಲಿನ ಕಡೆ ತಿರುಗಿದೆ. ತೋಪಡವನ್ನು ಕೇಳಿ ತರೋಣವೆಂದು ಎದುರುಮನೆಗೆ ಹೋದೆ. ಅಲ್ಲಿಯ ಯಜಮಾನರು ಮೂವತ್ತೆರಡು ವರ್ಷ ಕಾರ್ಖಾನೆಯಲ್ಲಿ ಲೇತು ನಡೆಸಿ ನಿವೃತ್ತರಾದವರು. ತೋಪಡವನ್ನು ಕೊಡದೆ ತಾವೇ ಎದ್ದು ಬಂದರು.

"ಮೇಷ್ಟ್ರೇ, ಮಳೆಗಾಲದಲ್ಲಿ ಮರ ನೀರು ಕುಡಿದು ಅಗಲಕ್ಕೆ ಉಬ್ಬುತ್ತೆ, ಉದ್ದಕ್ಕಲ್ಲ. ಈಗ ತೋಪಡ ಹಾಕಿದ್ರೆ ಶಿವರಾತ್ರಿ ಹೊತ್ತಿಗೆ ಬೆರಳು ತೂರೋಷ್ಟು ಸಂದು ಬಿಡುತ್ತೆ. ಮೊದಲು ಕೀಲು ನೋಡಿ."

ನೋಡಿದರೆ ಮೇಲಿನ ಕೀಲಿನ ಸ್ಕ್ರೂಗಳು ಸಡಿಲವಾಗಿ ಬಾಗಿಲು ತನ್ನ ಭಾರಕ್ಕೆ ತಾನೇ ಜಗ್ಗಿಕೊಂಡಿದ್ದಿತು. ಸ್ಕ್ರೂಗಳನ್ನು ಬಿಚ್ಚಿ, ಅಗಲವಾಗಿದ್ದ ತೂತುಗಳೊಳಗೆ ಮದ್ದು ಕಿತ್ತ ಬೆಂಕಿಕಡ್ಡಿಗಳನ್ನು ಮರದ ಅಂಟಿನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಅದೇ ಸ್ಕ್ರೂಗಳಿಗೆ ಸ್ವಲ್ಪ ಸೋಪು ಸವರಿ ತಿರುಗಿಸಲು ಹೇಳಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ಸೋಪಿನ ಚೂರು ಯಾವಾಗಲೂ ಏಕಿರುತ್ತಿತ್ತೆಂಬುದು ನಮ್ಮ ತಂದೆಯವರು ತೀರಿಕೊಂಡ ಆರು ವರ್ಷಗಳ ನಂತರ ನನಗೆ ತಿಳಿಯಿತು.

ಹಲಗೆಯ ವಿಷಯದಲ್ಲಿ ಹೇಳುವಂಥದೇನೂ ಇಲ್ಲ. ಹಾಕಿದೆ. ಸ್ವಲ್ಪ ಎಡಕ್ಕೆ ವಾಲಿದೆ. ಪುಸ್ತಕಗಳೂ ಅದರೊಂದಿಗೆ ವಾಲಿವೆ. ಫ್ಯಾನನ್ನು ನಾನು ಮುಟ್ಟಲಿಲ್ಲ. ಅದರ ಹಿಂದೆ 230 ವೋಲ್ಟು ಇದೆ. ನನ್ನ ಹಿಂದೆ ಸಂಸಾರ ಇದೆ. ಗೊಣಗುವುದಾದರೆ ಗೊಣಗಲಿ ಎಂದು ಬಿಟ್ಟುಬಿಟ್ಟೆ.

ಭಾನುವಾರ ಬೀರುವಿನ ಮೇಲಿನ ಕಂದು ಕಾಗದವನ್ನು ಬಿಚ್ಚಿದೆ. ಯಜಮಾನರು ತಮ್ಮ ಡ್ರಿಲ್ಲನ್ನು ಕೊಟ್ಟು, ಮೊಮ್ಮಗನ ನಾಮಕರಣಕ್ಕೆ ಹೊರಡುವ ಅವಸರದಲ್ಲಿಯೂ ಕಾಲು ಗಂಟೆ ನಿಂತು ಉಪದೇಶ ಮಾಡಿದರು. ಗೀಸರಿನಿಂದ ನಲ್ಲಿಗೆ ಗೋಡೆಯೊಳಗೆ ಕೊಳವೆ ಇಳಿದಿರುತ್ತದೆ. ಆ ನೇರದಲ್ಲಿ ಕೊರೆಯಕೂಡದು. ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ ವೈರು ಇರುತ್ತದೆ, ಅಲ್ಲಿಯೂ ಕೂಡದು. ಟೈಲಿನ ಮೇಲೆ ಕಾಗದದ ಟೇಪು ಅಂಟಿಸಿ ಗುರುತು ಹಾಕಿದರೆ ಮೊನೆ ಜಾರುವುದಿಲ್ಲ. ಟೈಲು ತೂತಾಗುವವರೆಗೆ ಡ್ರಿಲ್ಲು ಕುಟ್ಟದೆ ಬರಿದೆ ತಿರುಗಬೇಕು; ಇಲ್ಲದಿದ್ದರೆ ಟೈಲು ಸೀಳುತ್ತದೆ. "ಪುಡಿಯ ಬಣ್ಣ ನೋಡ್ತಾ ಇರಿ ಮೇಷ್ಟ್ರೇ. ಮೊದಲು ಬಿಳಿ, ಆಮೇಲೆ ಬೂದಿ, ಆಮೇಲೆ ಕೆಂಪು. ಕೆಂಪು ಬಂದ್ರೆ ಇಟ್ಟಿಗೆ ಸಿಕ್ಕಿತು ಅಂತ."

ಹಿಡಿಕೆಯ ಒಂದೊಂದು ತುದಿಗೂ ಮೂರು ಸ್ಕ್ರೂ. ಒಂದೊಂದು ಸ್ಕ್ರೂವಿಗೂ ಗೋಡೆಯೊಳಗೆ ಒಂದೊಂದು ರಾವಲ್ ಪ್ಲಗ್ಗು. ಈ ಪ್ಲಗ್ಗಿನ ಕತೆ ಸ್ವಾರಸ್ಯವಾದುದು. ಮೊದಲು ಗೋಡೆಗೆ ಏನನ್ನಾದರೂ ಬಿಗಿಯಬೇಕಾದರೆ ಉಳಿಯಿಂದ ಚೌಕವಾಗಿ ತೋಡಿ ಮರದ ಬೆಣೆ ಹೊಡೆಯುತ್ತಿದ್ದರು. 1911ರ ಸುಮಾರಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳನ್ನು ಹೆಚ್ಚು ಕೆಡಿಸದೆ ವಿದ್ಯುದ್ದೀಪದ ಸಲಕರಣೆಗಳನ್ನು ಬಿಗಿಯಬೇಕಾಗಿ ಬಂದಾಗ ಜಾನ್ ಜೋಸೆಫ್ ರಾಲಿಂಗ್ಸ್ ಎಂಬಾತನು ನಾರಿನ ಸಣ್ಣ ಪ್ಲಗ್ಗೊಂದನ್ನು ಯೋಚಿಸಿ ಮಾಡಿದನು. ನಮ್ಮ ಅಂಗಡಿಗಳ 'ರಾವಲ್' ಅವನ ಹೆಸರಿನ ಅವಶೇಷ. ನೈಲಾನಿನ ಪ್ಲಗ್ಗನ್ನು 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಮಾಡಿದನು. ಎರಡರ ತತ್ತ್ವವೂ ಒಂದೇ: ಸ್ಕ್ರೂ ಒಳಗೆ ಹೋದಂತೆ ಪ್ಲಗ್ಗು ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಒತ್ತಿಸಿಕೊಳ್ಳಲು ಗಟ್ಟಿಯಾದ ಗೋಡೆ ಇದ್ದರೆ ಸರಿ. ಇಲ್ಲದಿದ್ದರೆ ಪ್ಲಗ್ಗು ಸ್ಕ್ರೂವಿನ ಜೊತೆಯಲ್ಲಿಯೇ ಗಿರ್ರನೆ ತಿರುಗುತ್ತದೆ.

ಮೇಲಿನ ಮೂರು ತೂತುಗಳಲ್ಲಿ ಬಿಳಿ, ಬೂದಿ, ಕೆಂಪು ಕ್ರಮವಾಗಿ ಬಂದವು. ಕೆಳಗಿನ ಮೊದಲನೆಯದರಲ್ಲಿಯೂ ಕೆಂಪು ಬಂದಿತು. ಉಳಿದೆರಡರಲ್ಲಿ ಬೂದಿ ಬಣ್ಣದ ಪುಡಿ ಬರುತ್ತಲೇ ಇತ್ತು, ಕೆಂಪು ಬರಲಿಲ್ಲ. ಮೊನೆ ಎರಡು ಇಟ್ಟಿಗೆಗಳ ನಡುವಿನ ಗಾರೆಗೆ ಬಿದ್ದಿದ್ದಿತು. 1984ರಲ್ಲಿ ಕಟ್ಟಿದ ಗೋಡೆ. ಬಚ್ಚಲಿನ ತೇವವನ್ನು ನಾಲ್ವತ್ತು ವರ್ಷ ಕುಡಿದ ಗಾರೆ ಮರಳಿನಂತೆ ಉದುರುತ್ತಿತ್ತು. ಪ್ಲಗ್ಗು ಹಾಕಿ ಸ್ಕ್ರೂ ತಿರುಗಿಸಿದೆ. ಎರಡೂ ಗಿರ್ರನೆ ತಿರುಗಿದವು.

ಇಲ್ಲಿ ನಾನು ಮಾಡಿದುದನ್ನು ಹೇಳಲು ನಾಚಿಕೆಯಾಗುತ್ತದೆ. ಹಿಂದಿನ ದಿನ ಕಲಿತ ಬೆಂಕಿಕಡ್ಡಿಯ ವಿದ್ಯೆ ಕೈಯಲ್ಲಿತ್ತು. ಕಡ್ಡಿಗಳನ್ನು ಪ್ಲಗ್ಗಿನ ಸುತ್ತ ತುರುಕಿ ತಿರುಗಿಸಿದೆ, ಬಿಗಿಯಾದಂತೆ ಆಯಿತು. ಒಣ ಮರದ ಬಾಗಿಲಿಗೆ ಹೊಂದುವ ಉಪಾಯ ಒದ್ದೆ ಗೋಡೆಗೆ ಹೊಂದುವುದಿಲ್ಲವೆಂದು ಬುದ್ಧಿ ಹೇಳುತ್ತಿತ್ತು. ಆದರೆ ಬೆಳಗಿನಿಂದ ಬೆವರು ಸುರಿಸಿದ್ದ ಮನಸ್ಸು ಬೇರೊಂದು ಲೆಕ್ಕ ಹಾಕಿತು. ಆರು ಸ್ಕ್ರೂಗಳಲ್ಲಿ ನಾಲ್ಕು ಗಟ್ಟಿ. ಅಂದರೆ ನೂರಕ್ಕೆ ಅರವತ್ತಾರು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅದು ಪ್ರಥಮ ದರ್ಜೆ. ತುದಿಯ ಬಿಲ್ಲೆಗಳನ್ನು ಮುಚ್ಚಿ, ಹಿಡಿಕೆಯನ್ನು ಬಟ್ಟೆಯಿಂದ ಒರೆಸಿದೆ. ಮುಖ ಕಾಣುವಂತೆ ಹೊಳೆಯಿತು. ಒಳಗಿನ ಬೆಂಕಿಕಡ್ಡಿ ಯಾರಿಗೆ ಕಾಣುತ್ತದೆ?

ಅಮ್ಮ ಬಂದು ನೋಡಿದರು. ಹಿಡಿಕೆಯ ಮೇಲೆ ಕೈಯಾಡಿಸಿದರು.

"ಇನ್ನೂ ಗಾರೆ ಒಣಗಬೇಕಮ್ಮ, ಇವತ್ತು ಹಿಡೀಬೇಡ" ಎಂದೆ. ಗಾರೆಯನ್ನೇ ಹಾಕಿರಲಿಲ್ಲ.

"ಒಣಗಲಿ, ನಾಳೆ ಹಿಡಿದರಾಯಿತು. ನೀನೇ ಹಾಕಿದ್ದಲ್ವಾ, ಇನ್ನೇನು ಭಯ" ಎಂದು ಹೇಳಿ ಅವರು ಹೂವು ಕಟ್ಟಲು ಹೋದರು.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ನಲ್ಲಿಯನ್ನು ನಾನು ತಪ್ಪಾಗಿ ಕೂಡಿಸಿದ್ದರೆ ಹನಿ ಬಿದ್ದು ತಪ್ಪನ್ನು ಹೇಳುತ್ತಿತ್ತು. ಹಲಗೆ ವಾಲಿದೆ, ನೋಡಿದವರೆಲ್ಲ ಹೇಳುತ್ತಾರೆ. ಈ ಹಿಡಿಕೆ ಮಾತ್ರ ಹೇಳುವುದಿಲ್ಲ. ಅದಿಲ್ಲದಿದ್ದಾಗ ಅಮ್ಮ ಗೋಡೆಗೆ ಕೈಯೂರಿ ಹೆದರಿ ಹೆದರಿ ಏಳುತ್ತಿದ್ದರು. ಇನ್ನು ಪೂರ್ಣಭಾರವನ್ನು ಅದಕ್ಕೆ ಒಪ್ಪಿಸಿ ಏಳುತ್ತಾರೆ. ಅವರ ಎಚ್ಚರವನ್ನು ನಾನು ತೆಗೆದುಕೊಂಡು ಅದರ ಬದಲಿಗೆ ನಾಲ್ಕು ಬೆಂಕಿಕಡ್ಡಿಗಳನ್ನು ಕೊಟ್ಟಿದ್ದೆ.

ಹನ್ನೊಂದೂವರೆಗೆ ಎದ್ದು, ದೀಪ ಹಾಕಿ, ಬಚ್ಚಲುಮನೆಯ ಬಾಗಿಲನ್ನು ಮುಚ್ಚಿಕೊಂಡೆ. (ಸದ್ದಿಲ್ಲದೆ ಮುಚ್ಚಿತು.) ಎರಡು ಕೈಗಳಿಂದಲೂ ಹಿಡಿಕೆಯನ್ನು ಹಿಡಿದು ಮೊಳಕಾಲನ್ನು ಮಡಿಸಿ ಜೋತುಬಿದ್ದೆ. ನನ್ನ ತೂಕ 72 ಕಿಲೋ. ಎರಡು ಕ್ಷಣ ಏನೂ ಆಗಲಿಲ್ಲ. ಮೂರನೆಯ ಕ್ಷಣಕ್ಕೆ ಕೆಳಗಿನ ತುದಿಯಲ್ಲಿ 'ಕಟ್' ಎಂದು ಸಣ್ಣ ಶಬ್ದವಾಗಿ, ಬಿಲ್ಲೆ ನೂಲೆಳೆಯಷ್ಟು ಕದಲಿ, ಬಿಳಿಯ ಟೈಲಿನ ಮೇಲೆ ಒಂದು ಚಿಟಿಕೆ ಬೂದಿಬಣ್ಣದ ಪುಡಿ ಉದುರಿತು.

ಹಿಡಿಕೆಯನ್ನು ಅಲ್ಲಿಯೇ ಬಿಚ್ಚಿದೆ. ಅದರ ಜೊತೆಯಲ್ಲಿ ಟವೆಲಿನ ಸರಳನ್ನೂ ಬಿಚ್ಚಿದೆ. ಅದು ಎರಡು ತಿಂಗಳ ಹಿಂದೆಯೇ ಆಗಬೇಕಾಗಿದ್ದ ಕೆಲಸ. ಮಣೆಯನ್ನು ತೆಗೆದು ಅಗಲವಾದ ಪಾದಗಳ ಎತ್ತರದ ಪ್ಲಾಸ್ಟಿಕ್ ಸ್ಟೂಲನ್ನಿಟ್ಟೆ. ಕೆಳಗೆ ಕೂರದಿದ್ದರೆ ಏಳುವ ಕಷ್ಟವೂ ಅರ್ಧವಾಗುತ್ತದೆಂಬುದು ಅಷ್ಟು ದಿನ ಹೊಳೆದಿರಲಿಲ್ಲ.

ಬೆಳಿಗ್ಗೆ ಅಮ್ಮ ಗೋಡೆಯ ಆರು ತೂತುಗಳನ್ನು ನೋಡಿ, "ಯಾಕೋ ತೆಗೆದೆ? ಚೆನ್ನಾಗಿತ್ತಲ್ಲ" ಎಂದರು. ಇದ್ದುದನ್ನು ಇದ್ದಂತೆ ಹೇಳಿದೆ. ಗಾರೆಯ ಸುಳ್ಳನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಕಾಫಿ ಆರ್ತಾ ಇದೆ, ಕುಡಿ" ಎಂದರು.

ಎದುರುಮನೆಯ ಯಜಮಾನರು ತಮಗೆ ಪರಿಚಯವಿದ್ದ ಗಾರೆ ಮೇಸ್ತ್ರಿಯೊಬ್ಬನಿಗೆ ಹೇಳಿಕಳುಹಿಸಿದರು. ಆ ವಾರ ಬೆಂಗಳೂರಿನಲ್ಲಿ ಎಡೆಬಿಡದ ಮಳೆ. ಆತ ಬಂದುದು ಮುಂದಿನ ಗುರುವಾರ. ಬಂದವನು ಡ್ರಿಲ್ಲನ್ನು ಹೊರಗೆ ತೆಗೆಯಲೇ ಇಲ್ಲ. ಉಳಿಯ ಹಿಡಿಯಿಂದ ಟೈಲುಗಳನ್ನು ಒಂದೊಂದಾಗಿ ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ಹೋದನು. ನನ್ನ ತೂತುಗಳ ಬಳಿ ನಿಂತು, "ಇಲ್ಲಿ ಜೀವ ಇಲ್ಲ ಸಾರ್" ಎಂದನು. ಎರಡು ಟೈಲುಗಳನ್ನು ಎಬ್ಬಿಸಿ, ಸತ್ತ ಗಾರೆಯನ್ನೆಲ್ಲ ಕೆತ್ತಿ ತೆಗೆದು, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ತುಂಬಿ, ಒಂದು ವಾರ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕೆಂದು ಹೇಳಿ ಹೋದನು. ನೀರು ಚಿಮುಕಿಸುವ ಕಾಯಕವನ್ನು ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ವಾರದ ಮೇಲೆ ಆತ ಮತ್ತೆ ಬಂದು, ತುಕ್ಕು ಹಿಡಿಯದ ಉದ್ದನೆಯ ಸ್ಕ್ರೂಗಳಿಂದ ಹಿಡಿಕೆಯನ್ನು ಬಿಗಿದನು. ಎರಡು ದಿನದ ಕೆಲಸಕ್ಕೆ 1,800 ರೂಪಾಯಿ. ಹಳೆಯ ಬಣ್ಣದ ಟೈಲು ಅಂಗಡಿಯಲ್ಲಿ ಸಿಕ್ಕದೆ ಎರಡು ಟೈಲುಗಳು ಕೊಂಚ ಹಳದಿಯಾಗಿ ಎದ್ದು ಕಾಣುತ್ತವೆ.

ಮೇಸ್ತ್ರಿ ಕೈತೊಳೆದುಕೊಂಡು ಹೊರಟ ಮೇಲೆ ಅಮ್ಮನನ್ನು ಕರೆದು ತೋರಿಸಿದೆ. ಅವರು ಈ ಸಲ ಕೈಯಾಡಿಸಲಿಲ್ಲ. ಬಾಗಿಲಲ್ಲಿಯೇ ನಿಂತರು.

"ಮೊದಲು ನೀನು ಜೋತುಬೀಳು. ನಾನು ನೋಡಬೇಕು."

ನನ್ನಾಕೆ ಅಡುಗೆಮನೆಯಿಂದ ಬಂದಳು. ಮಗಳು ಸ್ಟೂಲಿನ ಮೇಲೆ ಹತ್ತಿ ನಿಂತಳು. ನಾನು ಪಂಚೆಯನ್ನು ಎತ್ತಿಕಟ್ಟಿ, ಹಿಡಿಕೆಯನ್ನು ಹಿಡಿದು, ಎರಡು ಕಾಲುಗಳನ್ನೂ ನೆಲದಿಂದ ಎತ್ತಿದೆ. ಮಗಳು ಗಟ್ಟಿಯಾಗಿ ಎಣಿಸತೊಡಗಿದಳು. ಹತ್ತಕ್ಕೆ ನಿಲ್ಲಿಸಿದಳು. "ಇನ್ನೂ ಎಣಿಸು" ಎಂದರು ಅಮ್ಮ.